ಜಲಪಾತಕ್ಕೆ ಬೆನ್ನು ಮಾಡಿ ನಿಲ್ಲಿ: ಬೀದಿ ಫೋಟೊಗ್ರಫಿಗೆ ಏಳು ಸೂತ್ರ

ಗೋಕಾಕ, ಮೂಡಲಗಿ, ಹುಕ್ಕೇರಿಯ ಓಣಿಗಳಲ್ಲಿ ಕ್ಯಾಮೆರಾ ಹಿಡಿದು ಅಡ್ಡಾಡುವ ಹುಡುಗ ಹುಡುಗಿಯರಿಗೆ ಈ ಮಾತು. ಕ್ಯಾಮೆರಾ ಇಲ್ಲದಿದ್ದರೆ ಮೊಬೈಲ್ ಸಾಕು.

1. ಗೋಕಾಕ ಜಲಪಾತದಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಚಿತ್ರ ಎಲ್ಲರ ಫೋನಿನಲ್ಲೂ ಇದೆ. ನೀವು ತಿರುಗಿ ನಿಲ್ಲಿ. ತೂಗುಸೇತುವೆ ಮೇಲೆ ಸೆರಗು ಬಿಗಿಹಿಡಿದು ನಡೆಯುವ ಅಜ್ಜಿ, ಗೊಂಜಾಳ ತೆನೆ ಸುಡುವ ಕೈ: ನಿಮ್ಮ ಚಿತ್ರ ಅಲ್ಲಿದೆ.

2. ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ತಿರುತಿರುಗಿ ನೋಡಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಬದುಕಿಡೀ ಸಾಮಾನ್ಯರ ಬೆನ್ನು ಹತ್ತಿದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಬಡತನದ ಮೆರವಣಿಗೆ ಇಲ್ಲ. ಆ ವ್ಯತ್ಯಾಸ ಕಣ್ಣಿಗೆ ಹತ್ತುವವರೆಗೆ ಹೊಸ ಲೆನ್ಸಿಗೆ ದುಡ್ಡು ಹಾಕಬೇಡಿ.

3. ಮೊದಲು ಮಾತಾಡಿ. "ಯವ್ವಾ, ನಿಂದೊಂದ್ ಫೋಟೊ ತಗೀಲೇನು?" ಎಂದು ಕೇಳಿ. "ಬ್ಯಾಡೋ ತಮ್ಮಾ" ಅಂದರೆ ಮುಗಿಯಿತು, ನಮಸ್ಕಾರ ಹೇಳಿ ಮುಂದೆ ಸಾಗಿ. ಮಕ್ಕಳಾದರೆ ಹೆತ್ತವರನ್ನು ಕೇಳಲೇಬೇಕು. ಒಪ್ಪಿದವರು ಮೊದಲಿಗೆ ಸೆಟೆದು ನಿಲ್ಲುತ್ತಾರೆ. ಹಾಗೇ ಒಂದು ತೆಗೆದು ತೋರಿಸಿ, ನಗಲಿ. ಆಮೇಲೆ ಸುಮ್ಮನೆ ಪಕ್ಕದಲ್ಲಿ ಕೂತಿರಿ. ಅವರು ನಿಮ್ಮನ್ನು ಮರೆತು ಬದನೆಕಾಯಿ ತೂಗಲು ತೊಡಗಿದಾಗ ನಿಮ್ಮ ಕೆಲಸ ಶುರು.

4. ಜೂಮ್ ಬೇಡ, ಕಾಲು ನಡೆಯಲಿ. ದೂರದಿಂದ ಕದ್ದು ತೆಗೆದದ್ದರಲ್ಲಿ ಸಲಿಗೆ ಇರುವುದಿಲ್ಲ.

5. ನಮ್ಮ ಕಡೆಯ ಬಿಳಿ ಟೋಪಿ, ಬಿಳಿ ರುಮಾಲು ನಡು ಮಧ್ಯಾಹ್ನ ಕ್ಯಾಮೆರಾಕ್ಕೆ ದೊಡ್ಡ ತಲೆನೋವು. ಮುಖಕ್ಕೆ ಬೆಳಕು ಹೊಂದಿಸಿದರೆ ಟೋಪಿ ಬೆಳ್ಳಗೆ ಸುಟ್ಟುಹೋಗುತ್ತದೆ, ಟೋಪಿಗೆ ಹೊಂದಿಸಿದರೆ ಮುಖ ಕಪ್ಪು. ಹುಕ್ಕೇರಿಯ ಹಳೆಯ ಗುಮ್ಮಟಗಳ ನೆರಳಿನ ಅಂಚಿಗೋ, ಅಂಗಡಿಯ ತಗಡಿನ ಕೆಳಗೋ ಟೋಪಿಯವರು ಬರುವವರೆಗೆ ಕಾಯಿರಿ.

6. ಕೆಲಸದ ಕೈಗಳನ್ನು ಪೂರ್ತಿ ಹಿಂಬಾಲಿಸಿ. ಗೋಕಾಕದ ಗೊಂಬೆ ಕುಶಲಕರ್ಮಿಗಳು ಹಗುರ ಮರದಿಂದ ಹಣ್ಣು, ತರಕಾರಿ, ದೇವರ ಮೂರ್ತಿ ಮಾಡುತ್ತಾರೆ. ಬಣ್ಣ ಬಳಿದ ಗೊಂಬೆಯನ್ನಷ್ಟೇ ಹಿಡಿದರೆ ಅದು ಅಂಗಡಿಯ ಜಾಹೀರಾತು. ಮರ ಕೆತ್ತುವಾಗಿನ ಹುಬ್ಬುಗಂಟು, ಮಡಿಲಿಗೆ ಬಿದ್ದ ಹೊಟ್ಟು, ನಡುವೆ ಬಂದ ಚಹಾ, ಇವೂ ಬೇಕು. ಪಾರಿಜಾತದ ಬಯಲಾಟಕ್ಕೂ ಇದೇ ಲೆಕ್ಕ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಮೂಡಲಗಿ ಸೀಮೆಯಲ್ಲೇ ಇದೆ. ರಂಗದ ಮುಂದೆ ಕೂರುವುದಕ್ಕಿಂತ ಅದರ ಹಿಂದಿನ ಬಣ್ಣದ ಕೋಣೆಗೆ ಹೋಗಿ; ಅರ್ಧ ಬಣ್ಣ ಹಚ್ಚಿದ ಮುಖದಲ್ಲಿ ಪಾತ್ರವೂ ಮನುಷ್ಯನೂ ಒಟ್ಟಿಗೆ ಕಾಣುತ್ತಾರೆ. ಕಬ್ಬು ಕಡಿಯುವ ಗ್ಯಾಂಗಿನವರ ಚಿತ್ರ ಬೇಕಾದರೆ ಚಳಿಗಾಲದ ನಸುಕಿಗೇ ಗದ್ದೆ ಸೇರಿ. ಟ್ರ್ಯಾಕ್ಟರಿಗೆ ಹೇರಿದ ಮೇಲೆ ಹೋದರೆ ಸಿಗುವುದು ಬರೀ ಕಬ್ಬು.

7. ಚಿತ್ರದ ಒಂದು ಪ್ರಿಂಟ್ ಹಾಕಿಸಿ, ಮುಂದಿನ ಸಂತೆಗೆ ಚಿತ್ರದಲ್ಲಿದ್ದವರ ಕೈಗೇ ಕೊಡಿ. ನಿಮ್ಮ ಪ್ರತಿಯ ಹಿಂದೆ ಊರು, ತಾರೀಖು, ಮಾಡುತ್ತಿದ್ದ ಕೆಲಸ ಬರೆದಿಡಿ. ಫೋನ್ ಕೆಟ್ಟರೂ ಚಿತ್ರ ಉಳಿಯಲು ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ.