ಸೀಳಿದ ಧಮನಿ ಬಾಯಿ ಬಿಡುವುದೇಕೆ?

ಧಮನಿಯಿಂದ ಬಳೆಯಂತಹ ತುಂಡೊಂದನ್ನು ತೆಗೆದು ಒಂದು ಕಡೆ ಸೀಳಿದರೆ ಏನಾಗುತ್ತದೆ, ಬಲ್ಲಿರಾ? ಒಳಗೆ ರಕ್ತವಿಲ್ಲ, ಒತ್ತಡವಿಲ್ಲ. ಆದರೂ ಬಳೆ ತಾನಾಗಿಯೇ ಬಾಯಿ ಬಿಡುತ್ತದೆ! ಅಮೆರಿಕದ ವೈ.ಸಿ. ಫಂಗ್ ಮುಂತಾದವರು 1983ರಲ್ಲಿ ಇದನ್ನು ಬೆಳಕಿಗೆ ತಂದರು. ಧಮನಿಯ ಗೋಡೆಯ ಒಳಭಾಗ ಮೊದಲೇ ಅದುಮಿಕೊಂಡು, ಹೊರಭಾಗ ಎಳೆದುಕೊಂಡು ಇರುತ್ತದೆ. ಕಮ್ಮಾರ ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿ ತಣಿದು ಗಾಡಿಚಕ್ರದ ಮರವನ್ನು ಬಿಗಿಯುವುದಿಲ್ಲವೇ, ಹಾಗೆ. ರಕ್ತ ನುಗ್ಗಿದಾಗ ಹೆಚ್ಚು ಹಿಗ್ಗುವುದು ಒಳಭಾಗ. ಈ ಬಿಗಿತದಿಂದಾಗಿ ಅದರ ಹೊರೆ ತಗ್ಗಿ, ಇಡೀ ಗೋಡೆಗೆ ಹಂಚಿಹೋಗುತ್ತದೆ.

ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಇದನ್ನು ಕೈಬಿಟ್ಟರೆ ಒಳಭಾಗದ ಸೆಳೆತ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಉಬ್ಬಿದ ಮಹಾಧಮನಿ ಒಡೆದೀತೇ ಎಂದು ಅಂದಾಜಿಸುವಾಗ ಇದು ಸಣ್ಣ ವ್ಯತ್ಯಾಸವೇನಲ್ಲ. ಆದರೆ ಬದುಕಿರುವ ರೋಗಿಯ ಧಮನಿಯನ್ನು ಸೀಳಿ ಅಳೆಯುವಂತಿಲ್ಲವಲ್ಲ!