ಮುತ್ತಜ್ಜನ ಹೆಸರು ಯಾವ ವಹಿಯಲ್ಲಿದೆ?

ಪ್ರಶ್ನೆ: ನಮ್ಮ ಮುತ್ತಜ್ಜ ಕಾಳಯುಕ್ತಿ ಸಂವತ್ಸರದ ಆಶ್ವೀಜದಲ್ಲಿ ಜ್ವರ ಬಂದು ತೀರಿಕೊಂಡರೆಂದು ಮನೆಯಲ್ಲಿ ಹೇಳುತ್ತಾರೆ. ಊರು ಗದಗ ಸೀಮೆಯ ಒಂದು ಹಳ್ಳಿ. ಅವರ ಜನನ, ಮದುವೆ, ಮರಣದ ದಾಖಲೆ ಸಿಗಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮರಣದಿಂದ ಶುರು ಮಾಡಿ. ಆ ಕಾಲದವರ ಜನನದ ದಾಖಲೆ ಹುಡುಕಿಕೊಂಡು ಹೊರಟವರು ಬರಿಗೈಯಲ್ಲಿ ಮರಳುವುದೇ ಹೆಚ್ಚು. ಹುಟ್ಟಿದ ಮಗುವಿಗೆ ಇನ್ನೂ ಹೆಸರಿಟ್ಟಿರುವುದಿಲ್ಲ. ರಿಜಿಸ್ಟರ್ ಸಿಕ್ಕರೂ ಅದರಲ್ಲಿ ತಂದೆಯ ಹೆಸರು, ಮುಂದೆ ‘ಗಂಡು’ ಎಂದಷ್ಟೇ ಇರಬಹುದು. ಮನೆಯ ಪೆಟ್ಟಿಗೆಯಲ್ಲಿ ಜಾತಕವಿದೆಯೇ ನೋಡಿ, ಅದೇ ಒಳ್ಳೆಯ ದಾಖಲೆ.

ಕಾಳಯುಕ್ತಿ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1858, 1918, 1978. ಮುತ್ತಜ್ಜ ಎಂದ ಮೇಲೆ ಕೊನೆಯದನ್ನು ಬಿಡಿ. ಜ್ವರದ ಸುಳಿವು 1918ಕ್ಕೇ ಹೊಂದುತ್ತದೆ. ಆ ವರ್ಷ ಆಶ್ವೀಜ ಬಿದ್ದದ್ದು ಅಕ್ಟೋಬರಿನಲ್ಲಿ. ಮುಂಬಯಿ ಪ್ರಾಂತದಲ್ಲಿ ಇನ್‌ಫ್ಲುಯೆಂಜಾ ಜನರನ್ನು ಹಾಸಿಗೆ ಹಿಡಿಸಿದ್ದ ತಿಂಗಳು ಅದು. ಗದಗ ಆಗ ಆ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ತಿಥಿ ಯಾರಿಗಾದರೂ ನೆನಪಿದ್ದರೆ ಹಳೆಯ ಪಂಚಾಂಗ ನೋಡಿ ತಾರೀಕನ್ನೇ ಗೊತ್ತುಮಾಡಬಹುದು.

ಈಗ ಜಾರಿಯಲ್ಲಿರುವ ಜನನ–ಮರಣ ನೋಂದಣಿ ಕಾಯ್ದೆ 1969ರದು. ಇ–ಜನ್ಮ ತಂತ್ರಾಂಶದಲ್ಲಿ 1918ನ್ನು ಹುಡುಕುತ್ತ ಕೂರಬೇಡಿ. ಹಳೆಯ ರಿಜಿಸ್ಟರುಗಳು ಉಳಿದಿದ್ದರೆ ತಹಸೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ವಿಚಾರಿಸಬೇಕು. ಕಾಯ್ದೆಯ 17ನೇ ಕಲಮಿನಂತೆ ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರಿನಲ್ಲಿ ಹುಡುಕಿಸಬಹುದು. ಮರಣದ ಉತಾರೆಯಲ್ಲಿ ಸಾವಿನ ಕಾರಣ ಮಾತ್ರ ಕೊಡುವುದಿಲ್ಲ.

ನನಗೆ ಹೆಚ್ಚು ಭರವಸೆ ಇರುವುದು ಹೊಲದ ಕಾಗದದ ಮೇಲೆ. ಖಾತೇದಾರ ಸತ್ತರೆ ಜಮೀನು ವಾರಸುದಾರರ ಹೆಸರಿಗೆ ಆಗಲೇಬೇಕು. ಹಳೇ ಮೈಸೂರಿನವರು ಪೌತಿ ಎನ್ನುವುದು, ನಿಮ್ಮ ಕಡೆಯವರು ವಾರಸಾ ಎನ್ನುವುದು ಇದನ್ನೇ. ಹಕ್ಕು ಬದಲಾವಣೆಯ ಆ ನೋಂದಿನಲ್ಲಿ ಇಂಥವರು ಮೃತರಾದರು, ಇಂಥಿಂಥವರು ವಾರಸುದಾರರು ಎಂದು ಬರೆದಿರುತ್ತಾರೆ. ಮಗ ಚಿಕ್ಕವನಿದ್ದರೆ ‘ಅಜ್ಞಾನ’ ಎಂದು ಸೇರಿಸಿ ಪಾಲನಕರ್ತೆಯಾಗಿ ತಾಯಿಯ ಹೆಸರು ಹಾಕುತ್ತಿದ್ದರು. ಬೇರೆಲ್ಲೂ ಸಿಗದ ಮುತ್ತಜ್ಜಿಯ ಹೆಸರು ಹೀಗೆ ಸಿಕ್ಕೀತು. ಆ ಸೀಮೆಯ ಹಳೆಯ ಕಾಗದಗಳಲ್ಲಿ ಕೆಲವು ಮೋಡಿ ಲಿಪಿಯಲ್ಲಿವೆ. ಓದಬಲ್ಲವರನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಮದುವೆಯ ಆಸೆ ಬಿಡಿ. ಕ್ರೈಸ್ತರಿಗೆ ಚರ್ಚಿನ ರಿಜಿಸ್ಟರುಂಟು, ಮುಸ್ಲಿಮರಿಗೆ ಖಾಜಿಯ ನಿಕಾಹ್ ದಫ್ತರು. ಹಿಂದೂ ಮದುವೆಗೆ ಆಗ ಲಗ್ನಪತ್ರಿಕೆ ಇದ್ದರೆ ಅದೇ ಪುಣ್ಯ.

ಹೆಳವರನ್ನು ಮರೆಯಬೇಡಿ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ಮನೆತನದ ಪೀಳಿಗೆ ಹೇಳಿ ಕಾಳುಕಡಿ ಪಡೆದು ಹೋಗುವವರು ಅವರು. ಮೂಲ ಯಾವ ಊರು, ಯಾರ ಮಕ್ಕಳು ಯಾರು ಎಂಬುದು ಅವರ ಬಾಯಲ್ಲಿ, ಈಗೀಗ ಪುಸ್ತಕದಲ್ಲೂ ಇದೆ. ತಾರೀಕು ಕೇಳಬೇಡಿ, ಹೆಣ್ಣುಮಕ್ಕಳ ಹೆಸರನ್ನೂ ಹೆಚ್ಚು ನಿರೀಕ್ಷಿಸಬೇಡಿ. ನಿಮ್ಮ ಮನೆತನಕ್ಕೆ ನಡೆದುಕೊಳ್ಳುವ ಹೆಳವರು ಯಾರೆಂದು ಊರಿನ ಹಿರಿಯರು ಬಲ್ಲರು.

ಅರ್ಜಿಯಲ್ಲಿ ತಂದೆಯ ಹೆಸರು, ಅಡ್ಡಹೆಸರು, ಸರ್ವೇ ನಂಬರು ಮೂರೂ ಇರಲಿ. 1918ರ ವಹಿಯೊಂದೇ ಸಾಲದು, ಮುಂದಿನ ನಾಲ್ಕೈದು ವರ್ಷಗಳದನ್ನೂ ತೆಗೆಸಿ ನೋಡಿ. ವಾರಸಾ ಮಾಡಿಸುವುದರಲ್ಲಿ ನಮ್ಮ ಜನ ಎಂದೂ ಅವಸರ ಮಾಡಿದವರಲ್ಲ.