ಒಂದು ರೂಪಾಯಿ ದಂಡ

ಭೂಗೋಳವನ್ನು ಐಚ್ಛಿಕವಾಗಿ ಓದುವವನಿಗೆ ಗಣಕಯಂತ್ರದ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ಕಳೆದ ವರ್ಷ ಗ್ರಂಥಾಲಯದ ಎರವಲು ಲೆಕ್ಕಕ್ಕಾಗಿ ನಾವು ನಾಲ್ವರು ಗೆಳೆಯರು ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಮು ಬರೆಯತೊಡಗಿದೆವು. ಹದಿನೈದು ದಿನಗಳೊಳಗೆ ಪುಸ್ತಕ ಹಿಂದಿರುಗಿಸಿದರೆ ದಂಡವಿಲ್ಲ. ಮೀರಿದರೆ ದಿನಕ್ಕೊಂದು ರೂಪಾಯಿ. ಇಷ್ಟೆ ಅದರ ಧರ್ಮಶಾಸ್ತ್ರ.

ಉತ್ತರ ಮೊದಲೇ ತಿಳಿದಿರುವ ಲೆಕ್ಕವೊಂದನ್ನು ಪ್ರೋಗ್ರಾಮಿಗೆ ಒಡ್ಡಿ, ಅದೇ ಉತ್ತರ ಬರುವುದೋ ಇಲ್ಲವೋ ಎಂದು ನೋಡುವುದಕ್ಕೆ ಟೆಸ್ಟ್ ಎಂದು ಹೆಸರು. ನಾಲ್ವರೂ ಬರೆದುದನ್ನು ಒಂದೆಡೆ ಕೂಡಿಸಿದಾಗಲೆಲ್ಲ ದೂರದ ಸರ್ವರೊಂದು ಎಲ್ಲವನ್ನೂ ಹೊಸದಾಗಿ ಜೋಡಿಸಿ, ಟೆಸ್ಟುಗಳನ್ನು ತಾನೇ ನಡೆಸಿ, ಹಸಿರು ಇಲ್ಲವೆ ಕೆಂಪು ಗುರುತನ್ನು ತೋರಿಸುತ್ತದೆ. ಇದನ್ನು ಕಂಟಿನ್ಯುಯಸ್ ಇಂಟಿಗ್ರೇಷನ್ ಎನ್ನುವರು.

ನನ್ನ ಟೆಸ್ಟು ಹಳೆಯ ರಿಜಿಸ್ಟರಿನಿಂದ ಎತ್ತಿಕೊಂಡದ್ದು. ೨೦೨೪ನೆಯ ಜೂನ್ ೧ರಂದು ಒಯ್ದ ಪುಸ್ತಕ ಜೂನ್ ೧೬ರ ಬೆಳಿಗ್ಗೆ ೧೧ ಗಂಟೆಗೆ ಮರಳಿ ಬಂದಿತು, ದಂಡ ಸೊನ್ನೆ. ನನ್ನ ಯಂತ್ರದಲ್ಲಿ ಎಷ್ಟು ಸಲ ನಡೆಸಿದರೂ ಸೊನ್ನೆಯೇ. ಸರ್ವರಿನಲ್ಲಿ ಮಾತ್ರ ಕೆಂಪು: ಬರಬೇಕಾದುದು ೦, ಬಂದುದು ೧.

ಮೊದಲು ನಾನು ಮಾಡಿದ್ದು ಸೋಮಾರಿಯ ಕೆಲಸ. ‘ಮತ್ತೊಮ್ಮೆ ನಡೆಸು’ ಎಂಬ ಗುಂಡಿಯನ್ನು ಆರು ಸಲ ಒತ್ತಿದೆ. ಆರು ಸಲವೂ ಅದೇ ಒಂದು ರೂಪಾಯಿ. ಇದರಿಂದಲೂ ಒಂದು ವಿಷಯ ತಿಳಿಯಬಹುದಿತ್ತು. ಜಾಲದ ವಿಳಂಬದಿಂದಲೋ ಟೆಸ್ಟುಗಳ ಸರದಿ ಅದಲುಬದಲಾದುದರಿಂದಲೋ ಬರುವ ದೋಷ ಒಮ್ಮೆ ಬಂದು ಒಮ್ಮೆ ಮಾಯವಾಗುತ್ತದೆ. ಇದು ಕದಲಲೇ ಇಲ್ಲ. ಎಂದಮೇಲೆ ಎರಡು ಯಂತ್ರಗಳ ನಡುವೆ ಏನೋ ಸ್ಥಿರವಾದ ವ್ಯತ್ಯಾಸ ಇರಲೇಬೇಕು. ಪೈಥಾನಿನ ಆವೃತ್ತಿಯನ್ನು ಸರ್ವರಿನದಕ್ಕೆ ಸಮನಾಗಿ ಮಾಡಿ ನೋಡಿದೆ, ಫಲವಿಲ್ಲ. ಕೊನೆಗೆ ಗೆಳೆಯನೊಬ್ಬ, “ಆ ಟೆಸ್ಟನ್ನೇ ಬಿಟ್ಟುಬಿಡೋಣ ಕಣೋ, ಒಂದು ಸಾಲಿನ ಕೆಲಸ” ಎಂದ. ನಾನೂ ಒಪ್ಪಿದ್ದೆ.

ನಮ್ಮ ಉಪನ್ಯಾಸಕರು ಒಪ್ಪಲಿಲ್ಲ. “ಸರ್ವರಿನದೇ ತಪ್ಪೆಂದು ನಿನಗಾರು ಹೇಳಿದರಯ್ಯ? ನಾಳೆ ನಿಮ್ಮ ಪ್ರೋಗ್ರಾಮು ಓಡುವುದು ನಿನ್ನ ಲ್ಯಾಪ್‌ಟಾಪಿನಲ್ಲೋ, ಅಂಥದೇ ಸರ್ವರಿನಲ್ಲೋ?” ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ತಪ್ಪು ಮಾಡದ ವಿದ್ಯಾರ್ಥಿ ಆ ರೂಪಾಯಿಯನ್ನು ನಿಜವಾಗಿ ತೆರಬೇಕಾದೀತೆಂಬುದು ಆಗ ಹೊಳೆಯಿತು.

ಅಲ್ಲಿಯವರೆಗೆ ನಾನು ಅಂತಿಮ ಉತ್ತರವನ್ನಷ್ಟೇ ದಿಟ್ಟಿಸುತ್ತಿದ್ದೆ. ಈಗ ನಡುವಿನ ಬೆಲೆಗಳನ್ನೂ ಮುದ್ರಿಸುವಂತೆ ಟೆಸ್ಟನ್ನು ತಿದ್ದಿ ಕಳುಹಿಸಿದೆ. ಸರ್ವರು ಬರೆಯಿತು: ಒಯ್ದುದು ಮೇ ೩೧, ೧೮ ಗಂಟೆ ೩೦ ನಿಮಿಷ, ತಂದುದು ಜೂನ್ ೧೬, ೫ ಗಂಟೆ ೩೦ ನಿಮಿಷ, ದಿನಗಳು ೧೬.

ನಡುರಾತ್ರಿಗೆ ಐದೂವರೆ ಗಂಟೆ ಕಡಿಮೆ! ಭೂಗೋಳದ ವಿದ್ಯಾರ್ಥಿ ತಲೆ ತಗ್ಗಿಸಬೇಕಾದ ಸಂದರ್ಭ. ೮೨½ ಡಿಗ್ರಿ ಪೂರ್ವ ರೇಖಾಂಶವನ್ನು ಎಷ್ಟು ನಕ್ಷೆಗಳಲ್ಲಿ ಗೀಚಿಲ್ಲ ನಾನು? ಗಂಟೆಗೆ ೧೫ ಡಿಗ್ರಿಯಂತೆ ಅದು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು. (೧೯೦೬ರಲ್ಲಿ ಭಾರತೀಯ ಕಾಲಮಾನ ಜಾರಿಗೆ ಬಂದರೂ ಮುಂಬಯಿ ನಗರ ೧೯೫೫ರವರೆಗೆ ತನ್ನ ಗಡಿಯಾರವನ್ನು ಬಿಡಲಿಲ್ಲವಂತೆ, ಅಲ್ಲಿ ಎರಡು ಗಡಿಯಾರಗಳ ನಡುವೆ ಸಿಕ್ಕಿಕೊಂಡವರ ಪಾಡು ಈಗ ಅರ್ಥವಾಗುತ್ತದೆ.)

ಯಂತ್ರ ಯಾವುದೇ ಕ್ಷಣವನ್ನು ೧೯೭೦ರ ಜನವರಿ ೧ರ ಗ್ರೀನಿಚ್ ನಡುರಾತ್ರಿಯಿಂದ ಎಣಿಸಿದ ಸೆಕೆಂಡುಗಳಾಗಿ ಇಟ್ಟುಕೊಳ್ಳುತ್ತದೆ. ರಿಜಿಸ್ಟರಿನಲ್ಲಿ ತಾರೀಖು ಉಂಟು, ಗಂಟೆಯಿಲ್ಲ; ಆದುದರಿಂದ ನನ್ನ ಯಂತ್ರ ಜೂನ್ ೧ನ್ನು ನಮ್ಮ ನಡುರಾತ್ರಿಯೆಂದು ಭಾವಿಸಿ ೧೭೧೭೧೮೦೨೦೦ ಎಂದು ಬರೆದಿಟ್ಟಿತು. ಆ ಸಂಖ್ಯೆಯನ್ನು ಮರಳಿ ತಾರೀಖಾಗಿಸುವಾಗ ಯಾವ ಊರಿನ ಕಾಲವೆಂದು ನಾನು ಹೇಳಿರಲಿಲ್ಲ. ಹೇಳದಿದ್ದರೆ ಪೈಥಾನ್ ತಾನು ಓಡುತ್ತಿರುವ ಯಂತ್ರದ ಗಡಿಯಾರವನ್ನು ನಂಬುತ್ತದೆ. ಸರ್ವರಿನ ಗಡಿಯಾರ ಯು.ಟಿ.ಸಿ., ಅಂದರೆ ವಿಶ್ವಕಾಲದ್ದು. ಒಯ್ದ ದಿನ ಹಿಂದಕ್ಕೆ ಜಾರಿತು; ೧೧ ಗಂಟೆಯಿಂದ ಐದೂವರೆ ಕಳೆದರೂ ಬೆಳಗೇ ಆದ್ದರಿಂದ ತಂದ ದಿನ ಜಾರಲಿಲ್ಲ. ಎರಡೂ ನಡುರಾತ್ರಿಯವೇ ಆಗಿದ್ದರೆ ಎರಡೂ ಒಟ್ಟಿಗೆ ಜಾರಿ ವ್ಯತ್ಯಾಸ ಹದಿನೈದೇ ಉಳಿದು, ದೋಷ ಎಂದಿಗೂ ಬಯಲಾಗುತ್ತಿರಲಿಲ್ಲವೇನೋ!

ಊಹೆ ಸಾಲದು. ನನ್ನ ಲಿನಕ್ಸ್ ಯಂತ್ರದಲ್ಲಿ ಟಿ.ಝಡ್. ಎಂಬ ಪರಿಸರ ಚರಕ್ಕೆ ಯು.ಟಿ.ಸಿ. ಎಂದು ಬೆಲೆಕೊಟ್ಟು ಟೆಸ್ಟು ನಡೆಸಿದೆ. ಕೆಂಪು! ಕೆಂಪು ಕಂಡು ಅಷ್ಟು ಹಿಗ್ಗಿದ್ದು ಅದೇ ಮೊದಲು.

ಪರಿಹಾರ ಎರಡಿದ್ದವು. ಸರ್ವರಿನ ಗಡಿಯಾರವನ್ನೇ ಭಾರತದ ಕಾಲಕ್ಕೆ ತಿರುಗಿಸಿದರೆ ನಿಮಿಷದಲ್ಲಿ ಹಸಿರು. ಅದನ್ನು ಮಾಡಿಯೂ ನೋಡಿದೆ, ಮತ್ತೆ ಅಳಿಸಿದೆ. ಪ್ರೋಗ್ರಾಮಿನ ತಪ್ಪು ಹಾಗೆಯೇ ಉಳಿಯುತ್ತಿತ್ತಲ್ಲ. ಇನ್ನೊಂದು, ತಾರೀಖಾಗಿಸುವ ಕಡೆಯಲ್ಲೆಲ್ಲ ‘ಏಷ್ಯಾ/ಕೋಲ್ಕತಾ’ ಎಂಬ ಕಾಲವಲಯವನ್ನು ಬಾಯಿಬಿಟ್ಟು ಹೇಳುವುದು. ೨೦೨೦ರಲ್ಲಿ ಬಂದ ಪೈಥಾನ್ ೩.೯ರಿಂದ ಇದಕ್ಕೆ ಝೋನ್‌ಇನ್ಫೋ ಎಂಬ ಸೌಕರ್ಯ ಭಾಷೆಯೊಡನೆಯೇ ದೊರೆಯುತ್ತದೆ. ಹೀಗೆ ತಿದ್ದಿ, ಭಾರತ, ಯು.ಟಿ.ಸಿ., ನ್ಯೂಯಾರ್ಕ್ ಮೂರೂ ಕಾಲಗಳಲ್ಲಿ ನಡೆಸಲಾಗಿ ಮೂರರಲ್ಲೂ ಸೊನ್ನೆ ಬಂದಿತು.

ಸರ್ವರಿನ ಗಡಿಯಾರವನ್ನು ಯು.ಟಿ.ಸಿ.ಯಲ್ಲೇ ಬಿಟ್ಟಿದ್ದೇವೆ. ಆ ಶನಿವಾರ ಗ್ರಂಥಪಾಲಕರೊಡನೆ ಕುಳಿತು ರಿಜಿಸ್ಟರಿನ ತಾರೀಖುಗಳನ್ನು ಒಂದೊಂದಾಗಿ ತಾಳೆ ನೋಡಿದೆವು. ಒಂದೂ ಹಿಂದಕ್ಕೆ ಜಾರಿರಲಿಲ್ಲ.